ಎರವಲು ಅಳತೆಗೋಲು

ತಂದೆಯ ಕಾಲದ ಕಾರನ್ನು ಮಾರದೆ ಉಳಿಸಿಕೊಂಡು ಬಂದಿರುವ ಮನೆಗಳು ನಮ್ಮ ನಾಡಿನಲ್ಲಿ ಇಂದಿಗೂ ಅಲ್ಲಲ್ಲಿ ಕಾಣಸಿಗುತ್ತವೆ. ಅಂಬಾಸಿಡರ್ ಕಾರಿನ ತಯಾರಿಕೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರಲ್ಲಿ ನಿಂತುಹೋಯಿತು. ಪ್ರೀಮಿಯರ್ ಪದ್ಮಿನಿ ಅದಕ್ಕೂ ಬಹು ಮೊದಲೇ ನಿಂತಿತ್ತು. ಆದರೂ ಅಂಗಳದ ಮೂಲೆಯಲ್ಲಿ ಹೊದಿಕೆ ಹೊದ್ದು ನಿಂತು, ಮನೆಯ ಮದುವೆಗೂ ಊರ ಜಾತ್ರೆಗೂ ಮಾತ್ರ ಹೊರಬರುವ ಈ ವಾಹನಗಳ ಮೇಲೆ ಮನೆಯವರ ಅಭಿಮಾನ ಕುಂದಿಲ್ಲ. ಬಣ್ಣ ಮಾಸದಂತೆ, ಸೀಟಿನ ರೆಕ್ಸಿನ್ ಹರಿಯದಂತೆ, ಬಂಪರಿಗೆ ತುಕ್ಕು ಹಿಡಿಯದಂತೆ ಅವರು ತೋರುವ ಕಾಳಜಿ ಮೆಚ್ಚತಕ್ಕದ್ದೇ. ಆದರೆ ಬಾನೆಟ್ಟಿನ ಕೆಳಗೆ ಎಣ್ಣೆಯ ಜಿಡ್ಡಿನಲ್ಲಿ, ಯಾರ ಆದರಕ್ಕೂ ಪಾತ್ರವಾಗದೆ ಇರುವ ಒಂದು ಸಣ್ಣ ಕಡ್ಡಿಯ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಎಂಜಿನ್ನಿನಲ್ಲಿ ಎಣ್ಣೆ ಎಷ್ಟಿದೆ ಎಂದು ನೋಡಲು ಎಳೆದು ತೆಗೆಯುವ ಆ ಕಡ್ಡಿಗೆ ಡಿಪ್‌ಸ್ಟಿಕ್ ಎಂದು ಹೆಸರು.

ಮಠದ ಪಾಠಶಾಲೆಯಲ್ಲಿ ಕಲಿತು, ಬಾಳಿನ ಬಹುಭಾಗವನ್ನು ಓಲೆಗರಿಗಳ ಮುಂದೆ ಕಳೆದ ನಮಗೆ ಈ ಉಸಾಬರಿ ಏಕೆಂದು ವಾಚಕರು ಕೇಳಬಹುದು. ಅದಕ್ಕೆ ಕಾರಣಗಳು ಎರಡು. ಒಂದನ್ನು ಮುಂದೆ ಹೇಳುತ್ತೇವೆ. ಇನ್ನೊಂದು ನಮ್ಮ ಕಸುಬಿಗೆ ಸೇರಿದ್ದು. ಕಟ್ಟು ಬಿಚ್ಚಿಹೋದ ಹಸ್ತಪ್ರತಿಗಳ ರಾಶಿಯಲ್ಲಿ ಬಿಡಿ ಗರಿಯೊಂದು ಸಿಕ್ಕಾಗ ಅದು ಯಾವ ಕಟ್ಟಿನದೆಂದು ಗುರುತಿಸಬೇಕಾಗುತ್ತದೆ. ಗರಿಯ ಉದ್ದ, ಅಗಲ, ದಾರ ಪೋಣಿಸುವ ರಂಧ್ರ ಅಂಚಿನಿಂದ ಎಷ್ಟು ದೂರದಲ್ಲಿದೆ ಎಂಬುದು, ಪುಟಕ್ಕೆ ಎಷ್ಟು ಸಾಲು, ಇವನ್ನೆಲ್ಲ ಅಳೆದು ನೋಡಬೇಕು. ಅಕ್ಷರ ಹೋಲುತ್ತದೆ ಎಂಬಷ್ಟಕ್ಕೇ ಒಂದು ಕಟ್ಟಿಗೆ ಸೇರಿಸಿಬಿಟ್ಟರೆ ಗ್ರಂಥವೇ ಕೆಡುತ್ತದೆ. ಹಳೆಯ ಎಂಜಿನ್ನಿಗೆ ಡಿಪ್‌ಸ್ಟಿಕ್ ಹೊಂದಿಸುವ ಕೆಲಸವೂ ಹೆಚ್ಚುಕಡಿಮೆ ಇಂಥದೇ ಎಂಬುದು ನಮಗೆ ಒಬ್ಬ ವೃದ್ಧ ಮೇಸ್ತ್ರಿಯಿಂದ ತಿಳಿದುಬಂತು.

ಮೊದಲು ಆ ಕಡ್ಡಿಯ ಕೆಲಸವೇನೆಂಬುದನ್ನು ನೋಡೋಣ. ಎಂಜಿನ್ನಿನ ತಳದಲ್ಲಿ ಒಂದು ತೊಟ್ಟಿ ಇರುತ್ತದೆ. ಪುಸ್ತಕಗಳು ಅದನ್ನು ಸಂಪ್ ಎನ್ನುತ್ತವೆ. ನಮ್ಮ ಮೆಕ್ಯಾನಿಕರು ಚೇಂಬರ್ ಎನ್ನುತ್ತಾರೆ. ಎಣ್ಣೆ ನಿಲ್ಲುವುದು ಅಲ್ಲಿ. ಪಂಪು ಅಲ್ಲಿಂದ ಎಣ್ಣೆಯನ್ನು ಹೀರಿ ಕ್ರ್ಯಾಂಕ್‌ಶಾಫ್ಟಿನ ಬೇರಿಂಗುಗಳಿಗೂ ಮೇಲಿನ ಭಾಗಗಳಿಗೂ ಕಳುಹಿಸುತ್ತದೆ. ಬೇರಿಂಗಿಗೂ ಶಾಫ್ಟಿಗೂ ನಡುವೆ ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪದರ ಇರುವವರೆಗೆ ಲೋಹ ಲೋಹವನ್ನು ಮುಟ್ಟುವುದಿಲ್ಲ. ಆ ಪದರ ಹರಿದರೆ ಕೆಲವೇ ನಿಮಿಷಗಳಲ್ಲಿ ಬೇರಿಂಗು ಕರಗಿ ಶಾಫ್ಟಿಗೆ ಹಿಡಿಯುತ್ತದೆ. ಡಿಪ್‌ಸ್ಟಿಕ್ಕಿನ ಮೇಲೆ ಸಾಮಾನ್ಯವಾಗಿ ಎರಡು ಗೆರೆಗಳಿರುತ್ತವೆ. ಎಣ್ಣೆ ಮೇಲಿನ ಗೆರೆಯನ್ನು ಮೀರಬಾರದು, ಕೆಳಗಿನ ಗೆರೆಗಿಂತ ಇಳಿಯಬಾರದು. ಕಡ್ಡಿಯ ಮೇಲ್ಭಾಗದಲ್ಲಿ ಬಳೆಯಂಥ ಒಂದು ತಡೆ ಇರುತ್ತದೆ. ಅದಕ್ಕೆ ಕಾಲರ್ ಎನ್ನುವರು. ಅದು ಎಂಜಿನ್ ಬ್ಲಾಕಿನ ರಂಧ್ರದ ಮೇಲಾಗಲಿ, ರಂಧ್ರಕ್ಕೆ ಕೂಡಿಸಿದ ಕೊಳವೆಯ ಬಾಯಿಯ ಮೇಲಾಗಲಿ ಕುಳಿತುಕೊಳ್ಳುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಕಡ್ಡಿಯ ಒಟ್ಟು ಉದ್ದಕ್ಕೆ ಮಹತ್ವವಿಲ್ಲ. ಕಾಲರಿನ ತಳದಿಂದ ಗೆರೆಯವರೆಗಿನ ದೂರವೇ ಮುಖ್ಯ. ಆ ದೂರ ಇರಬೇಕಾದುದಕ್ಕಿಂತ ಹೆಚ್ಚಾಗಿದ್ದರೆ ಗೆರೆ ಚೇಂಬರಿನಲ್ಲಿ ಕೆಳಗಿಳಿಯುತ್ತದೆ. ಆಗ ಎಣ್ಣೆ ಕಡಿಮೆಯಿದ್ದರೂ ಕಡ್ಡಿ ತುಂಬಿದೆ ಎನ್ನುತ್ತದೆ. ದೂರ ಕಡಿಮೆಯಾಗಿದ್ದರೆ ಗೆರೆ ಮೇಲೇರುತ್ತದೆ. ಆಗ ಎಣ್ಣೆ ಸಾಕಷ್ಟಿದ್ದರೂ ಇನ್ನೂ ಸುರಿಯಿರಿ ಎನ್ನುತ್ತದೆ. ಹೆಚ್ಚು ಎಣ್ಣೆಯಿಂದ ಕೇಡೇನು ಎಂದು ಕೇಳುವವರು ಬಹಳ ಮಂದಿ. ತಿರುಗುವ ಕ್ರ್ಯಾಂಕು ಎಣ್ಣೆಯನ್ನು ಮಜ್ಜಿಗೆ ಕಡೆದಂತೆ ಕಡೆದು ನೊರೆ ಮಾಡುತ್ತದೆ. ಗಾಳಿ ಬೆರೆತ ಆ ನೊರೆಗೆ ಬೇರಿಂಗನ್ನು ಕಾಯುವ ಶಕ್ತಿಯಿಲ್ಲ. ಹಳೆಯ ಬ್ರಿಟಿಷ್ ಎಂಜಿನ್ನುಗಳಲ್ಲಿ ಶಾಫ್ಟಿನ ಹಿಂತುದಿಯಲ್ಲಿ ಈಗಿನಂತೆ ರಬ್ಬರಿನ ಸೀಲು ಇರುತ್ತಿರಲಿಲ್ಲ. ಶಾಫ್ಟಿನ ಮೇಲೆ ಕೊರೆದ ಸುರುಳಿಯೇ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತಿತ್ತು. ಅಂಥ ಎಂಜಿನ್ನಿನಲ್ಲಿ ಮಿತಿಮೀರಿದ ಎಣ್ಣೆ ಸೋರಿ ಕ್ಲಚ್ಚಿನ ಮೇಲೆ ಬೀಳುವುದೂ ಉಂಟು.

ಡಿಪ್‌ಸ್ಟಿಕ್ ಇಲ್ಲದ ಕಾರೂ ಇತ್ತೆಂದರೆ ಇಂದಿನವರಿಗೆ ಸೋಜಿಗವಾದೀತು. ಅಮೆರಿಕದಲ್ಲಿ 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಎಂಜಿನ್ನಿನ ಹಿಂಭಾಗದ ತಳದಲ್ಲಿ ಒಂದರ ಮೇಲೊಂದು ಎರಡು ಪುಟ್ಟ ನಲ್ಲಿಗಳಿದ್ದವು. ಕೆಳಗಿನದನ್ನು ತಿರುಗಿಸಿದರೆ ಎಣ್ಣೆ ಬರಬೇಕು. ಮೇಲಿನದು ಗರಿಷ್ಠ ಮಟ್ಟ. ಕಾರಿನ ಯಜಮಾನನು ನೆಲದ ಮೇಲೆ ಮಲಗಿ ಕೈಚಾಚಿ ಇದನ್ನು ನೋಡಬೇಕಾಗಿತ್ತು. ಬಟ್ಟೆ ಕೆಡುತ್ತಿತ್ತು ನಿಜ. ಆದರೆ ಆ ನಲ್ಲಿಗಳು ಎಂಜಿನ್ನಿಗೆ ಅಂಟಿಕೊಂಡೇ ಇದ್ದುದರಿಂದ ಒಂದು ಕಾರಿನ ಅಳತೆ ಇನ್ನೊಂದು ಕಾರಿಗೆ ಹೋಗುವ ಸಂಭವವೇ ಇರಲಿಲ್ಲ. ಕಡ್ಡಿ ಬಂದಮೇಲೆ ಕೈಗೆ ಸುಖವಾಯಿತು. ಅದರ ಜೊತೆಗೇ ಅದು ಕಳೆಯುವ, ಅದಲುಬದಲಾಗುವ ದಾರಿಯೂ ತೆರೆಯಿತು.

ಇನ್ನು ಮೊದಲು ಹೇಳಿದ ಕಾರಣಕ್ಕೆ ಬರುತ್ತೇವೆ. ಮಠದ ಪ್ರಸಾದ ನಿಲಯದಲ್ಲಿ ನಮ್ಮೊಡನೆ ಇದ್ದು ಓದಿದ, ನಮಗಿಂತ ಒಂದೆರಡು ವರ್ಷ ಹಿರಿಯರಾದ ಗೆಳೆಯರೊಬ್ಬರು ಧಾರವಾಡ ಸೀಮೆಯ ಒಂದು ಊರಿನಲ್ಲಿ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದರು. 1977ರ ಮಾದರಿಯ ಅಂಬಾಸಿಡರ್ ಮಾರ್ಕ್ 3 ಒಂದನ್ನು ಹಳೆಯದಾಗಿಯೇ ಕೊಂಡು, ಮೂವತ್ತು ವರ್ಷ ತಾವೇ ನಡೆಸಿದರು. 2017ರಲ್ಲಿ ಅವರು ಲಿಂಗೈಕ್ಯರಾದರು. ವರ್ಷದ ಪುಣ್ಯಸ್ಮರಣೆಗೆ ಮುನ್ನ ತಂದೆಯ ಕಾರಿನಲ್ಲಿಯೇ ತಾಯಿಯನ್ನು ಕೂಡಲಸಂಗಮಕ್ಕೆ ಕರೆದೊಯ್ಯಬೇಕೆಂದು ಇಬ್ಬರು ಗಂಡುಮಕ್ಕಳು ನಿಶ್ಚಯಿಸಿ, ಒಂದು ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿಸಿ ಹೊಸದಾಗಿ ಕಟ್ಟಿಸಿದರು. ಕಾರು ಸೊಗಸಾಗಿ ಓಡಿತು. ನರಗುಂದ ದಾಟಿದ ಮೇಲೆ ತಿರುವುಗಳಲ್ಲಿ ಎಣ್ಣೆಯ ಒತ್ತಡದ ಸೂಚನೆ ಏರುಪೇರಾಗತೊಡಗಿತು. ಕಾರು ನಡೆಸುತ್ತಿದ್ದ ಕಿರಿಯನು ನಿಲ್ಲಿಸಿ, ಕಡ್ಡಿ ಎಳೆದು ಒರೆಸಿ ಮತ್ತೆ ಅದ್ದಿ ನೋಡಿದನು. ಮೇಲಿನ ಗೆರೆಯವರೆಗೂ ಎಣ್ಣೆ ಇತ್ತು. ಸೂಚಕವೇ ಕೆಟ್ಟಿರಬೇಕೆಂದು ತಿಳಿದು ಮುಂದುವರಿದನು. ಕೆಲವು ಮೈಲಿ ಹೋಗುವಷ್ಟರಲ್ಲಿ ಎಂಜಿನ್ನಿನ ಒಳಗಿನಿಂದ ಸುತ್ತಿಗೆಯಿಂದ ಬಡಿದಂಥ ಸದ್ದು ಎದ್ದು, ಕಾರು ನಿಂತಿತು. ತಾಯಿ ರಸ್ತೆಯ ಬದಿಯ ಬೇವಿನ ಮರದ ಕೆಳಗೆ ಸಂಜೆಯವರೆಗೆ ಕುಳಿತಿದ್ದರು. ಕಾರು ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಮನೆಗೆ ಮರಳಿತು.

ಕೆಟ್ಟದ್ದು ಎಂಜಿನ್ ಮಾತ್ರವಾಗಿದ್ದರೆ ನಾವು ಇದನ್ನು ಬರೆಯುತ್ತಿರಲಿಲ್ಲ. ಎಣ್ಣೆ ನೋಡದೆ ಕಾರು ಓಡಿಸಿ ಅಪ್ಪನ ಕಾರನ್ನು ಹಾಳು ಮಾಡಿದನೆಂದು ಹಿರಿಯನು ತಮ್ಮನ ಮೇಲೆ ಮುನಿದನು. ನೋಡಿಯೇ ಓಡಿಸಿದೆನೆಂದು ತಮ್ಮನು ಹೇಳಿದರೆ ಅದನ್ನು ಸುಳ್ಳೆಂದನು. ಒಂದೇ ಮನೆಯಲ್ಲಿ ಇದ್ದುಕೊಂಡು ಅಣ್ಣತಮ್ಮಂದಿರು ಎರಡು ತಿಂಗಳು ಮಾತಾಡಲಿಲ್ಲ. ಹೊಲ ಮನೆ ಪಾಲು ಮಾಡಿಕೊಳ್ಳುವ ಮಾತೂ ಎದ್ದಿತು. ಆಗ ತಾಯಿ ನಮಗೆ ಹೇಳಿಕಳುಹಿಸಿದರು. ಹೋಗಿ ಕುಳಿತಾಗ ಕಿರಿಯನು ಕಣ್ಣಲ್ಲಿ ನೀರು ತಂದುಕೊಂಡು, “ಗುರುಗಳ, ಅಪ್ಪಾರ ಆಣಿ ಮಾಡಿ ಹೇಳ್ತೀನ್ರಿ. ಕಡ್ಡಿ ಎಳದು ನೋಡೇ ಹೊಂಟೀನಿ, ತುಂಬಿತ್ರಿ” ಎಂದನು. ಅವನ ಮಾತು ಸುಳ್ಳೆಂದು ನಮಗೆ ತೋರಲಿಲ್ಲ. ಆದರೆ ತೋರಿಕೆಯಿಂದ ಅಣ್ಣನ ಮನಸ್ಸು ತಿರುಗುವಂತಿರಲಿಲ್ಲ.

ನಮ್ಮ ಪರಿಚಯದ ವೃದ್ಧ ಮೇಸ್ತ್ರಿಯೊಬ್ಬರನ್ನು ಕರೆಸಿದೆವು. ಖರ್ಚಿನ ವಿಷಯದಲ್ಲಿ ಒಮ್ಮತವಾಗದ್ದರಿಂದ ಎಂಜಿನ್ನನ್ನು ಯಾರೂ ಬಿಚ್ಚಿರಲಿಲ್ಲ. ಎಣ್ಣೆ ಹಾಗೆಯೇ ಉಳಿದಿತ್ತು. ಮೇಸ್ತ್ರಿಯವರು ಮೊದಲು ಕಡ್ಡಿ ಎಳೆದು ಎಲ್ಲರಿಗೂ ತೋರಿಸಿದರು. ಎಣ್ಣೆ ಮೇಲಿನ ಗೆರೆಯನ್ನು ಮುಟ್ಟಿತ್ತು. ಅನಂತರ ತಳದ ಬೋಲ್ಟ್ ತೆಗೆದು, ಎಣ್ಣೆಯನ್ನೆಲ್ಲ ಶುಭ್ರವಾದ ಬಕೀಟಿಗೆ ಇಳಿಸಿ, ಲೀಟರಿನ ಮಾಪಿನಿಂದ ಅಳೆದರು. ಫಿಲ್ಟರಿನಲ್ಲಿ ಉಳಿಯುವಷ್ಟನ್ನು ಕಳೆದು ಲೆಕ್ಕ ಹಾಕಿದರೂ, ಕೈಪಿಡಿ ಹೇಳುವ ಪ್ರಮಾಣಕ್ಕಿಂತ ಒಂದೂಕಾಲು ಲೀಟರಿನಷ್ಟು ಕಡಿಮೆ ಇತ್ತು. “ಓಡೂ ಮುಂದ ಎಣ್ಣಿ ಸುಟ್ಟು ಹೋಗಿರಬೇಕಲ್ರಿ?” ಎಂದು ಹಿರಿಯನು ಕೇಳಿದನು. “ಸುಟ್ಟಿದ್ರ ಕಡ್ಡಿ ಕಡಿಮಿ ತೋರಸಬೇಕಿತ್ರಿ, ಸಾವಕಾರ. ಇಷ್ಟ ಎಣ್ಣಿಗೆ ತುಂಬೇತಿ ಅಂತೈತಲ್ಲ” ಎಂದು ಹೇಳಿ, ಮೇಸ್ತ್ರಿಯವರು ಅದೇ ಎಣ್ಣೆಯನ್ನು ಮರಳಿ ಸುರಿದು, ಕಡ್ಡಿಯನ್ನು ಹಿರಿಯನ ಕೈಗೇ ಕೊಟ್ಟು ಅದ್ದಿಸಿದರು. ಮತ್ತೆ ಮೇಲಿನ ಗೆರೆಯವರೆಗೇ ಬಂತು. ಮರುದಿನ ಅದೇ ಬಗೆಯ ಎಂಜಿನ್ ಇರುವ, ಒಬ್ಬರೇ ಒಡೆಯರ ಕೈಯಲ್ಲಿದ್ದ ಬೇರೊಂದು ಕಾರಿನ ಕಡ್ಡಿಯನ್ನು ತಂದು ಪಕ್ಕದಲ್ಲಿಟ್ಟು ನೋಡಿದರು. ಕಾಲರಿನಿಂದ ಗೆರೆಯವರೆಗಿನ ದೂರದಲ್ಲಿ ಒಂದು ಬೆರಳಗಲ ವ್ಯತ್ಯಾಸವಿತ್ತು. ಎಂಜಿನ್ ಬಿಚ್ಚಿದಾಗ ಮೂಲ ಕಡ್ಡಿ ಎಲ್ಲಿಯೋ ಕಳೆದು, ರಂಧ್ರಕ್ಕೆ ಸರಿಯಾಗಿ ಕೂತ ಬೇರೊಂದನ್ನು ಯಾರೋ ಹಾಕಿದ್ದರು. ಅದರ ಗೆರೆ ನೋಡಿಕೊಂಡೇ ಎಣ್ಣೆ ತುಂಬಿಸಿದ್ದರು. ಅವರ ಮನಸ್ಸಿನಲ್ಲಿ ಕೆಡುಕಿತ್ತೆಂದು ನಾವು ಭಾವಿಸುವುದಿಲ್ಲ.

ಹಿರಿಯನು ಅಂದು ಏನೂ ಮಾತಾಡಲಿಲ್ಲ. ಕೈ ತೊಳೆದುಕೊಂಡು ಒಳಗೆ ಹೋದನು. ರಾತ್ರಿ ಪ್ರಸಾದಕ್ಕೆ ಕುಳಿತಾಗ ತಮ್ಮನ ತಟ್ಟೆಗೆ ತಾನೇ ರೊಟ್ಟಿ ಹಾಕಿದನು. ಕ್ರ್ಯಾಂಕ್‌ಶಾಫ್ಟನ್ನು ಹಿಂದೆಯೇ ಹಲವು ಸಲ ಉಜ್ಜಿಸಿ ಕೊನೆಯ ಅಳತೆಗೆ ತಂದಾಗಿದ್ದರಿಂದ ಅದು ಇನ್ನು ಕೆಲಸಕ್ಕೆ ಬಾರದಾಯಿತು. ಗುಜರಿಯಿಂದ ಬೇರೊಂದನ್ನು ತಂದು, ಖರ್ಚನ್ನು ಇಬ್ಬರೂ ಸಮನಾಗಿ ಹಂಚಿಕೊಂಡು ಎಂಜಿನ್ ಕಟ್ಟಿಸಿದರು. ಪಾಲಿನ ಮಾತು ಅಲ್ಲಿಗೇ ನಿಂತಿತು.

ಇಂಥದು ಬೇರೆ ಮನೆಗಳಲ್ಲಿ ಆಗಬಾರದೆಂಬ ಉದ್ದೇಶದಿಂದ, ಆ ಮೇಸ್ತ್ರಿಯವರಿಂದಲೂ ಕೈಪಿಡಿಗಳಿಂದಲೂ ತಿಳಿದುಕೊಂಡುದನ್ನು ಇಲ್ಲಿ ಒಪ್ಪಿಸುತ್ತೇವೆ.

ಕಡ್ಡಿ ಕೇಳುವಾಗ ಕಾರಿನ ಹೆಸರು ಹೇಳಿದರೆ ಸಾಲದು. ಅಂಬಾಸಿಡರ್ ಎಂಬ ಒಂದೇ ಹೆಸರಿನ ಕೆಳಗೆ ಎಷ್ಟು ಎಂಜಿನ್ನುಗಳು ಬಂದುಹೋದವು! ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯೇ ನಮ್ಮಲ್ಲಿ ಅಂಬಾಸಿಡರ್ ಆಯಿತು. ಮೊದಮೊದಲು ಅದಕ್ಕೆ 1476 ಸಿ.ಸಿ.ಯ ಹಳೆಯ ಬಗೆಯ ಎಂಜಿನ್ ಇತ್ತು. ಬಳಿಕ ಬಿ.ಎಂ.ಸಿ. ಸಂಸ್ಥೆಯ ಬಿ-ಸೀರೀಸ್ ಎಂಬ 1489 ಸಿ.ಸಿ. ಎಂಜಿನ್ ಬಂತು. ಮುಂದೆ ಡೀಸೆಲ್ ಎಂಜಿನ್ ಬಂತು. 1990ರ ದಶಕದಲ್ಲಿ ಜಪಾನಿನ ಇಸುಜು ಮೂಲದ ಎಂಜಿನ್ ಬಂತು. ಇದಲ್ಲದೆ ಪೆಟ್ರೋಲ್ ಎಂಜಿನ್ ತೆಗೆದುಹಾಕಿ ಬೇರಾವುದೋ ವಾಹನದ ಡೀಸೆಲ್ ಎಂಜಿನ್ ಕೂಡಿಸಿದ ಕಾರುಗಳೂ ನಮ್ಮ ಕಡೆ ಕಡಿಮೆಯಿಲ್ಲ. ಆದಕಾರಣ ಬ್ಲಾಕಿನ ಮೇಲಿರುವ ಎಂಜಿನ್ ಸಂಖ್ಯೆಯನ್ನು ಬರೆದುಕೊಂಡು ಹೋಗಬೇಕು. ಸಂಖ್ಯೆಯ ಮೊದಲಿನ ಅಕ್ಷರಗಳಲ್ಲಿಯೇ ವಂಶಾವಳಿ ಅಡಗಿರುವುದುಂಟು. ಅದೇ ಬಿ-ಸೀರೀಸಿನ 1798 ಸಿ.ಸಿ. ಎಂಜಿನ್ ಎಂ.ಜಿ.ಬಿ. ಎಂಬ ಬ್ರಿಟಿಷ್ ಕಾರಿನಲ್ಲಿ 1962ರಲ್ಲಿ ಬಂದಾಗ ಅದಕ್ಕೆ ಮೂರು ಮುಖ್ಯ ಬೇರಿಂಗುಗಳಿದ್ದವು; 1964ರಿಂದ ಐದಾದವು. ಮೊದಲಿನವುಗಳ ಸಂಖ್ಯೆ 18ಜಿ, 18ಜಿಎ ಎಂದು ಆರಂಭವಾದರೆ ಐದು ಬೇರಿಂಗಿನದು 18ಜಿಬಿ ಎಂದು ಆರಂಭವಾಗುತ್ತದೆ. ಹೊರನೋಟಕ್ಕೆ ಎರಡೂ ಒಂದೇ.

ಎಂಜಿನ್ ಒಂದೇ ಮನೆತನದ್ದಾಗಿದ್ದರೂ ಚೇಂಬರ್ ಬೇರೆಯಾದರೆ ಕಡ್ಡಿಯೂ ಬೇರೆಯಾಗುತ್ತದೆ. ಬಿ.ಎಂ.ಸಿ.ಯ ಎ-ಸೀರೀಸ್ ಎಂಬ ಸಣ್ಣ ಎಂಜಿನ್ ಮಾರಿಸ್ ಮೈನರ್ ಕಾರಿನಲ್ಲಿ ಉದ್ದಕ್ಕೆ ಕುಳಿತು, ತನ್ನದೇ ಆದ ಚೇಂಬರ್ ಹೊಂದಿತ್ತು. 1959ರಲ್ಲಿ ಬಂದ ಮಿನಿ ಕಾರಿನಲ್ಲಿ ಅದೇ ಎಂಜಿನ್ನನ್ನು ಅಡ್ಡಲಾಗಿ ಕೂಡಿಸಿ, ಗೇರ್‌ಬಾಕ್ಸನ್ನು ಅದರ ಹೊಟ್ಟೆಯ ಕೆಳಗೇ ಇಟ್ಟರು. ಎಂಜಿನ್ನಿಗೂ ಗೇರಿಗೂ ಒಂದೇ ಎಣ್ಣೆಯಾಯಿತು. ಬ್ಲಾಕು ಒಂದೇ ಬಗೆಯದೆಂದು ಮೈನರಿನ ಕಡ್ಡಿಯನ್ನು ಮಿನಿಗೆ ಹಾಕಿದರೆ ಅದು ಏನು ಹೇಳಿದರೂ ನಂಬುವಂತಿಲ್ಲ. ಎರಡನೆಯ ಮಹಾಯುದ್ಧದ ಕಾಲದ ವಿಲ್ಲೀಸ್ ಜೀಪಿನಲ್ಲಿ ಇನ್ನೊಂದು ವಿಶೇಷ: ಎಣ್ಣೆ ಸುರಿಯುವ ಕೊಳವೆಯ ಮುಚ್ಚಳಕ್ಕೇ ಕಡ್ಡಿ ಅಂಟಿಕೊಂಡಿರುತ್ತದೆ. ಮುಚ್ಚಳ ಬದಲಾದರೆ ಅಳತೆಗೋಲೂ ಬದಲಾಯಿತೆಂದೇ ತಿಳಿಯಬೇಕು.

ಹಳೆಯ ಕಡ್ಡಿಗಳ ಮೇಲೆ ಸಂಖ್ಯೆ ಕೊರೆದಿರುವುದು ಅಪರೂಪ. ಆದುದರಿಂದ ಮೈಯನ್ನೇ ಓದಬೇಕು. ಅದು ಚಪ್ಪಟೆ ಪಟ್ಟಿಯೋ ದುಂಡು ತಂತಿಯೋ, ಹಿಡಿ ಉಂಗುರದಂತಿದೆಯೋ ಕೊಕ್ಕೆಯಂತಿದೆಯೋ, ಕಾಲರ್ ಬೆಸುಗೆಯದೋ ಒತ್ತಿ ಕೂಡಿಸಿದ್ದೋ, ಕೆಳಗೆ ಬೆಣೆಯಂತೆ ಕೂರುವ ಬಟ್ಟೆಯ ಅಥವಾ ರಬ್ಬರಿನ ವಾಷರ್ ಇತ್ತೋ ಎಂಬುದನ್ನು ನೋಡಬೇಕು. ಒತ್ತಿ ಕೂಡಿಸಿದ ಕಾಲರ್ ಕಾಲಾಂತರದಲ್ಲಿ ಜಾರುವುದುಂಟು. ಜಾರಿದ ಜಾಗದಲ್ಲಿ ಹಳೆಯ ಗುರುತು ಹೊಳೆಯುತ್ತಿರುತ್ತದೆ. ಆಮೇಲೆ ಮೂರು ಅಳತೆಗಳನ್ನು ಮಿಲಿಮೀಟರಿನಲ್ಲಿ ಬರೆದುಕೊಳ್ಳಬೇಕು: ಕಾಲರಿನ ತಳದಿಂದ ಮೇಲಿನ ಗೆರೆ, ಕೆಳಗಿನ ಗೆರೆ ಮತ್ತು ತುದಿ. ಅದೇ ಎಂಜಿನ್ನಿನ, ಎಂದೂ ಬಿಚ್ಚದ ಕಾರು ಎಲ್ಲಿಯಾದರೂ ಇದ್ದರೆ ಅದರ ಕಡ್ಡಿಯೊಡನೆ ಹೋಲಿಸಬೇಕು. ಕೊಳವೆಯನ್ನು ಮರೆಯಬಾರದು. ಹೊಸ ಕೊಳವೆಯನ್ನು ಬ್ಲಾಕಿನೊಳಗೆ ಹೆಚ್ಚು ಆಳಕ್ಕೆ ಬಡಿದಿದ್ದರೆ ಅಥವಾ ಬಾಯಿ ಕತ್ತರಿಸಿದ್ದರೆ ಮೂಲ ಕಡ್ಡಿಯೇ ಸುಳ್ಳು ಹೇಳತೊಡಗುತ್ತದೆ.

ಅಳತೆಗೋಲು ತನ್ನ ಜಾಗವನ್ನು ಬಿಟ್ಟು ನಿಲ್ಲಲಾರದೆಂಬುದು ನಮ್ಮ ಹಿರಿಯರಿಗೆ ಹೊಸ ಮಾತಲ್ಲ. ಭೂಮಿಯನ್ನು ದಾನವಿತ್ತ ಶಾಸನಗಳು ಇಷ್ಟು ಮತ್ತರು ಎಂದು ಹೇಳಿ ಸುಮ್ಮನಾಗುವುದಿಲ್ಲ. ಯಾವ ಗಳೆಯಿಂದ ಅಳೆದದ್ದೆಂದು ಹೆಸರಿಸುತ್ತವೆ. ಬಳ್ಳಿಗಾವೆಯ ಭೇರುಂಡ ಗಳೆಯ ಹೆಸರನ್ನು ಶಾಸನ ಓದಿದವರು ಬಲ್ಲರು. ಸೇರು, ಕೊಳಗಗಳೂ ಊರಿಂದೂರಿಗೆ ಬೇರೆಯಾಗಿದ್ದುದನ್ನು ಹಿರಿಯರು ಹೇಳಲು ಕೇಳಿದ್ದೇವೆ. ಈ ತೊಡಕು ಕಾರಿನ ಕೈಪಿಡಿಯಲ್ಲಿಯೂ ಕಾದಿದೆ. ಬ್ರಿಟಿಷ್ ಪುಸ್ತಕದ ಪಿಂಟು 0.568 ಲೀಟರು, ಅಮೆರಿಕನ್ ಪಿಂಟು 0.473 ಲೀಟರು. ಜೀಪಿನ ಪುಸ್ತಕದ ಕ್ವಾರ್ಟನ್ನು ಬ್ರಿಟಿಷ್ ಕ್ವಾರ್ಟೆಂದು ಓದಿದರೆ ಪ್ರತಿ ಕ್ವಾರ್ಟಿಗೆ ಸುಮಾರು 0.19 ಲೀಟರು ಹೆಚ್ಚಾಗುತ್ತದೆ.

ಎಲ್ಲ ಹುಡುಕಾಟ ಮುಗಿದ ಮೇಲೂ ಸಂಶಯ ಉಳಿದರೆ, ಅಥವಾ ಕಡ್ಡಿಯೇ ಸಿಗದಿದ್ದರೆ, ಎಂಜಿನ್ನನ್ನೇ ಕೇಳುವ ದಾರಿಯೊಂದಿದೆ. ಚೇಂಬರಿನ ತಳ ಕಲ್ಲಿಗೆ ಬಡಿದು ತಗ್ಗಾಗಿಲ್ಲವೆಂದು ಮೊದಲು ನೋಡಿಕೊಳ್ಳಬೇಕು. ತಗ್ಗಾಗಿದ್ದರೆ ಅಷ್ಟೇ ಎಣ್ಣೆ ಹೆಚ್ಚು ಎತ್ತರಕ್ಕೆ ಬಂದು ಲೆಕ್ಕ ತಪ್ಪುತ್ತದೆ. ಕಾರನ್ನು ಸಮನಾದ ನೆಲದ ಮೇಲೆ ನಿಲ್ಲಿಸಿ, ಬೆಚ್ಚಗಿರುವಾಗ ಹಳೆಯ ಎಣ್ಣೆಯನ್ನು ಪೂರ್ತಿ ಇಳಿಸಿ, ಫಿಲ್ಟರನ್ನು ಬದಲಿಸಬೇಕು. ಕೈಪಿಡಿಯ ಪ್ರಮಾಣದಲ್ಲಿ ಫಿಲ್ಟರಿನ ಪಾಲು ಸೇರಿದೆಯೋ ಇಲ್ಲವೋ ಎಂಬುದನ್ನು ಓದಿಕೊಂಡು, ಅಷ್ಟನ್ನೇ ಅಳೆದು ಸುರಿಯಬೇಕು. ಎರಡು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿ, ಮೇಲಿನ ಎಣ್ಣೆಯೆಲ್ಲ ತಳಕ್ಕಿಳಿಯುವವರೆಗೆ ಹತ್ತು ನಿಮಿಷ ಕಾಯಬೇಕು. ಬಳಿಕ ಗೆರೆಯಿಲ್ಲದ ಕಡ್ಡಿಯನ್ನು ಕಾಲರ್ ಕೂರುವವರೆಗೆ ಇಳಿಸಿ ತೆಗೆದರೆ ಎಣ್ಣೆ ನಿಂತ ಮಟ್ಟವೇ ಮೇಲಿನ ಗೆರೆ. ಹೊಸ ಎಣ್ಣೆ ಗಾಜಿನಂತೆ ತಿಳಿಯಾಗಿರುವುದರಿಂದ ಅಂಚು ಕಾಣುವುದಿಲ್ಲ. ಒಣಗಿದ ಕಡ್ಡಿಗೆ ಸೀಮೆಸುಣ್ಣ ಉಜ್ಜಿ ಅದ್ದಿದರೆ ಸ್ಪಷ್ಟವಾಗಿ ಕಾಣುತ್ತದೆ. ಎರಡು ಮಗ್ಗುಲಲ್ಲಿ ಎರಡು ಮಟ್ಟ ಕಂಡರೆ ಕೆಳಗಿನದನ್ನು ಹಿಡಿಯಬೇಕು. ಮೇಲಿನದು ಕೊಳವೆಗೆ ತಾಗಿ ಸವರಿದ ಎಣ್ಣೆ. ಕೆಳಗಿನ ಗೆರೆ ಬೇಕಾದರೆ ಇಡೀ ಪ್ರಮಾಣ ಸುರಿಯುವುದಕ್ಕೆ ಮುನ್ನ, ಕೈಪಿಡಿ ಹೇಳುವಷ್ಟು ಅಂತರ ಉಳಿಸಿ, ಎಂಜಿನ್ ಚಾಲೂ ಮಾಡದೆ ಗುರುತು ಮಾಡಬಹುದೆಂದು ಕೆಲವರು ಹೇಳುತ್ತಾರೆ. ಆದರೆ ಆಗ ಫಿಲ್ಟರ್ ಇನ್ನೂ ಬರಿದಾಗಿರುವುದರಿಂದ ಅದು ಸರಿಯಲ್ಲವೆಂಬುದು ನಮ್ಮ ಮೇಸ್ತ್ರಿಯವರ ಅಭಿಪ್ರಾಯ. ಮೇಲಿನ ಗೆರೆ ನಿಶ್ಚಯವಾದ ಮೇಲೆ ತಳದ ಬೋಲ್ಟಿನಿಂದ ಅಷ್ಟು ಎಣ್ಣೆಯನ್ನು ಅಳೆದು ಹೊರತೆಗೆದು ಗುರುತು ಮಾಡುವುದೇ ಲೇಸೆಂದು ಅವರು ಹೇಳುತ್ತಾರೆ. ನಾವೂ ಅದನ್ನೇ ಒಪ್ಪುತ್ತೇವೆ.

ಗುರುತನ್ನು ಅರದಿಂದ ಆಳವಾಗಿ ಕೊಯ್ಯಬಾರದು. ತೆಳು ಪಟ್ಟಿ ಆ ಜಾಗದಲ್ಲಿಯೇ ಮುರಿದು ಚೇಂಬರಿನೊಳಗೆ ಬೀಳುವ ಭಯವಿದೆ. ಚೂಪಾದ ಮೊಳೆಯಿಂದ ಒಂದು ಗೀರು ಸಾಕು. ನಮ್ಮ ಗೆಳೆಯರ ಕಾರಿನ ಹೊಸ ಕಡ್ಡಿಯ ಹಿಡಿಯ ಮೇಲೆ ಮೇಸ್ತ್ರಿಯವರು ಎಂಜಿನ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ಉಳಿಯಿಂದ ಬಡಿದುಕೊಟ್ಟಿದ್ದಾರೆ. ಇನ್ನೊಂದು ಸಲ ಎಂಜಿನ್ ಬಿಚ್ಚಿದರೂ ಅದು ಬೇರೆಡೆಗೆ ಹೋಗುವಂತಿಲ್ಲ. ತಪ್ಪು ಹೇಳಿದ ಹಳೆಯ ಕಡ್ಡಿಯನ್ನು ಹಿರಿಯ ಮಗನು ಮುರಿದೆಸೆಯಲು ಹೊರಟಿದ್ದನು. ನಾವು ಬೇಡವೆಂದು ಹೇಳಿ ಇಸಿದುಕೊಂಡೆವು. ಯಾವ ಕಟ್ಟಿಗೂ ಸೇರದ ಗರಿಗಳನ್ನು ನಾವು ಬೇರೆ ಬಟ್ಟೆಯಲ್ಲಿ ಸುತ್ತಿ ಇಡುತ್ತೇವೆ, ಬಿಸಾಡುವುದಿಲ್ಲ. ಆ ಕಡ್ಡಿಗೂ ಮೂರು ಅಳತೆಗಳನ್ನು ಬರೆದ ಚೀಟಿ ಕಟ್ಟಿ ನಮ್ಮ ಕಪಾಟಿನಲ್ಲಿ ಇಟ್ಟಿದ್ದೇವೆ. ಎಲ್ಲಿಯೋ ಒಂದು ಎಂಜಿನ್ನಿಗೆ ಅದು ಸರಿಯಾದ ಕಡ್ಡಿಯೇ ಆಗಿರಬೇಕು. ಹಳೆಯ ಕಾರಿನವರು ಯಾರಾದರೂ ಮನೆಗೆ ಬಂದರೆ ತೆಗೆದು ತೋರಿಸುತ್ತೇವೆ.